ವಿನತಾ ರೆಡ್ಡಿ ಮತ್ತು ಗ್ರಾಮೀಣ ಕೂಟ: ಗುಂಪು ಸಾಲ ಫಿನ್‌ಟೆಕ್ ಆದದ್ದು ಹೇಗೆ?

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಫಿನ್‌ಟೆಕ್ ಎರಡು ರೂಪದಲ್ಲಿದೆ. ಒಂದು ಎಲ್ಲರ ಕಣ್ಣಿಗೂ ಬೀಳುವಂಥದ್ದು: ಅಂಗಡಿ ಗಲ್ಲಾದ ಮೇಲಿನ ಕ್ಯೂಆರ್ ಕೋಡ್, ದುಡ್ಡು ಬಂತು ಅಂತ ಕೂಗಿ ಹೇಳುವ ಪುಟ್ಟ ಸ್ಪೀಕರ್. ಇನ್ನೊಂದು ಮನೆಯೊಳಗಿನದು. ಅದೇ ಅಂಗಡಿಗಳಲ್ಲಿ ದುಡಿಯುವ, ಜೀನ್ಸ್ ಹೊಲಿಯುವ, ಬೀದಿ ಬದಿ ಸೊಪ್ಪು ಮಾರುವ ಹೆಂಗಸರ ಹೆಸರಲ್ಲಿರುವ ಗುಂಪು ಸಾಲ. ಅದನ್ನು ಯಾರೂ ಫಿನ್‌ಟೆಕ್ ಅನ್ನಲ್ಲ. ‘ಫೈನಾನ್ಸ್’ ಅಂತಾರೆ, ‘ಸಂಘದ ಸಾಲ’ ಅಂತಾರೆ. ಆದರೆ ಅದೂ ನಡೆಯುವುದು ಸಾಫ್ಟ್‌ವೇರ್ ಮೇಲೆಯೇ. ಯಾರಿಗೆ ಎಷ್ಟು ಸಾಲ, ಯಾವ ದಿನ ಕಂತು, ತಪ್ಪಿದರೆ ಮುಂದೇನು ಅನ್ನುವುದೆಲ್ಲ ಸಿಸ್ಟಮ್‌ನಲ್ಲಿ ಮೊದಲೇ ಬರೆದಿರುತ್ತೆ.

ಈ ಎರಡನೇ ಫಿನ್‌ಟೆಕ್ ಅನ್ನು ಕರ್ನಾಟಕದಲ್ಲಿ ಕಟ್ಟಿದವರ ಪೈಕಿ ಮುಖ್ಯರಾದವರು ಒಬ್ಬ ಮಹಿಳೆ, ಗ್ರಾಮೀಣ ಕೂಟದ ಸ್ಥಾಪಕಿ ವಿನತಾ ಎಂ. ರೆಡ್ಡಿ. ‘ಫಿನ್‌ಟೆಕ್‌ನಲ್ಲಿ ಮಹಿಳೆಯರು’ ಅಂತ ಪ್ರತಿ ಮಾರ್ಚ್ 8ಕ್ಕೆ ಬರುವ ಪಟ್ಟಿಗಳಲ್ಲಿ ಅವರ ಹೆಸರು ಅಪರೂಪ. ಅವರು ಮಾಡಿದ್ದೇನು, ಆ ಸಂಸ್ಥೆ ಆಮೇಲೆ ಏನಾಯಿತು, ಇವತ್ತು ಕಂತು ಕಟ್ಟುವವರಿಗೂ ಅದಕ್ಕೂ ಏನು ಸಂಬಂಧ ಅನ್ನುವುದನ್ನು ಒಂದೇ ಕಡೆ ಇಡುವ ಪ್ರಯತ್ನ ಇದು.

ಪಟ್ಟಿಯಲ್ಲಿ ಇರುವವರು ಯಾರು?

ನಮಗೆ ಗೊತ್ತಿರುವ ಹೆಸರುಗಳಿಂದಲೇ ಶುರು ಮಾಡೋಣ. ಉಪಾಸನಾ ಟಾಕು 2009ರಲ್ಲಿ ಶುರುವಾದ ಮೊಬಿಕ್ವಿಕ್‌ನ ಸಹ-ಸಂಸ್ಥಾಪಕಿ. ಆ ಕಂಪನಿ 2024ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂತು. ಪ್ರವೀಣಾ ರೈ ಯುಪಿಐ ನಡೆಸುವ ಎನ್‌ಪಿಸಿಐನಲ್ಲಿ ಸಿಒಒ ಆಗಿದ್ದವರು, 2024ರಲ್ಲಿ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ಮುಖ್ಯಸ್ಥೆಯಾದರು. ಬೆಂಗಳೂರಲ್ಲಿ ಲಿಜ್ಜಿ ಚಾಪ್‌ಮನ್ 2015ರಲ್ಲಿ ಜೊತೆಗಾರರೊಂದಿಗೆ ಜೆಸ್ಟ್‌ಮನಿ ಕಟ್ಟಿದರು. ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಮಾದರಿಯ ಆ ಕಂಪನಿ 2023ರ ಕೊನೆಗೆ ಬಾಗಿಲು ಹಾಕಿತು. ಬೆಂಗಳೂರಿನದೇ ಕಿನಾರಾ ಕ್ಯಾಪಿಟಲ್ ಅನ್ನು ಹಾರ್ದಿಕಾ ಶಾ 2011ರಲ್ಲಿ ಶುರು ಮಾಡಿದ್ದು ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದ ಸಾಲ ಕೊಡೋಕೆ.

ಇವರೆಲ್ಲರ ದಾರಿಯಲ್ಲಿ ಒಂದು ಸಾಮ್ಯ ಇದೆ. ದೊಡ್ಡ ಕಂಪನಿಯಲ್ಲಿ ಅನುಭವ, ಇಂಗ್ಲಿಷ್, ನಗರ, ಹೂಡಿಕೆದಾರರ ಸಂಪರ್ಕ. ಅದು ತಪ್ಪು ಅಂತಲ್ಲ. ವಿನತಾ ರೆಡ್ಡಿಯವರ ದಾರಿ ಬೇರೆ ಕಡೆಯಿಂದ ಶುರುವಾಗುತ್ತೆ ಅಷ್ಟೇ.

1999, ಅವಲಹಳ್ಳಿ

ಬೆಂಗಳೂರು ದಕ್ಷಿಣದ ಅಂಜನಾಪುರದ ಪಕ್ಕ ಅವಲಹಳ್ಳಿ ಇದೆ. ಈಗ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿದ್ದರೂ ಆಗ ಅದು ಹಳ್ಳಿಯೇ. ಅಲ್ಲಿ ಟಿ. ಮುನಿಸ್ವಾಮಪ್ಪ ಟ್ರಸ್ಟ್ ಮೂಲಕ ವಿನತಾ ಸಮಾಜಸೇವೆ ಮಾಡುತ್ತಿದ್ದರು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಬಗ್ಗೆ ಅಲೆಕ್ಸ್ ಕೌಂಟ್ಸ್ ಬರೆದ ‘ಗಿವ್ ಅಸ್ ಕ್ರೆಡಿಟ್’ ಪುಸ್ತಕ ಓದಿದ್ದೇ ತಿರುವು. ಅಡಮಾನ ಇಡೋಕೆ ಏನೂ ಇಲ್ಲದ ಹೆಂಗಸರಿಗೆ ಸಾಲ ಕೊಟ್ಟು ವಾಪಸ್ ಪಡೆಯಬಹುದು ಅನ್ನುವುದನ್ನು ಮುಹಮ್ಮದ್ ಯೂನುಸ್ ಅಲ್ಲಿ ತೋರಿಸಿದ್ದರು. ಯೂನುಸ್ ಬಳಗದ ಗ್ರಾಮೀಣ ಟ್ರಸ್ಟ್‌ನಿಂದಲೇ ಮೊದಲ ಬಂಡವಾಳ ಬಂತು. 1999ರಲ್ಲಿ ಟ್ರಸ್ಟಿನ ಒಂದು ಯೋಜನೆಯಾಗಿ ‘ಗ್ರಾಮೀಣ ಕೂಟ’ ಶುರುವಾಯಿತು.

ಆ ಹೊತ್ತಿಗೆ ಕರ್ನಾಟಕಕ್ಕೆ ಹೆಂಗಸರ ಗುಂಪು ಹೊಸದೇನಲ್ಲ. ಮೈರಾಡ ಸಂಸ್ಥೆ 1980ರ ದಶಕದಲ್ಲೇ ಹಳ್ಳಿಗಳಲ್ಲಿ ಉಳಿತಾಯ-ಸಾಲದ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ತಂತು. ನಮಗೆ ಪರಿಚಯವಿರುವ ಸ್ತ್ರೀಶಕ್ತಿ ಸಂಘಗಳು ಇದೇ ವಂಶದವು.

ಎರಡಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿದಿರಬೇಕು, ಯಾಕಂದ್ರೆ ಜನ ಎರಡನ್ನೂ ‘ಸಂಘ’ ಅಂತಲೇ ಕರೀತಾರೆ. ಸ್ವಸಹಾಯ ಸಂಘದಲ್ಲಿ ಸದಸ್ಯರೇ ದುಡ್ಡು ಕೂಡಿಡುತ್ತಾರೆ, ಆ ದುಡ್ಡಿನಿಂದಲೂ ಬ್ಯಾಂಕಿನಿಂದ ಪಡೆದ ಸಾಲದಿಂದಲೂ ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಯಾರಿಗೆ ಕೊಡಬೇಕು ಅನ್ನುವ ತೀರ್ಮಾನ ಸಂಘದ್ದೇ. ಮೈಕ್ರೋಫೈನಾನ್ಸ್‌ನ ಗುಂಪಿನಲ್ಲಿ ದುಡ್ಡು ಹೊರಗಿನ ಸಂಸ್ಥೆಯದು. ಐದು ಜನ ಹೆಂಗಸರ ಗುಂಪು, ಅಂಥ ಕೆಲವು ಗುಂಪು ಸೇರಿ ಒಂದು ಕೇಂದ್ರ. ಸಾಲಕ್ಕೆ ಮೊದಲು ಕೆಲವು ದಿನ ತರಬೇತಿ, ಆಮೇಲೆ ಒಂದು ಪರೀಕ್ಷೆ. ಸಾಲ ಒಬ್ಬೊಬ್ಬರ ಹೆಸರಿಗೆ, ಹೊಣೆ ಎಲ್ಲರಿಗೂ. ಒಬ್ಬರ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಗಿರವಿ ಅಂಗಡಿಯವನು ಚಿನ್ನ ಕೇಳ್ತಾನೆ, ಇಲ್ಲಿ ಚಿನ್ನದ ಜಾಗದಲ್ಲಿ ಪಕ್ಕದ ಮನೆಯವರು ಇರುತ್ತಾರೆ.

ಈ ಏರ್ಪಾಟಿನ ಶಕ್ತಿಯೂ ಅಪಾಯವೂ ಅದೇ.

ಕಂತಿನ ಹಾಳೆಯಿಂದ ಕೋಡ್‌ಗೆ

ಎಂಜಿನಿಯರಿಂಗ್ ಓದಿದ ನನಗೆ ಈ ಕಥೆಯಲ್ಲಿ ತುಂಬ ಕುತೂಹಲ ಹುಟ್ಟಿಸಿದ ಭಾಗ ಇದು. ಸಾವಿರಾರು ಹೆಂಗಸರು ಪ್ರತಿ ವಾರ ನೂರು-ಇನ್ನೂರು ರೂಪಾಯಿಯ ಕಂತು ಕಟ್ಟಿದರೆ ಲೆಕ್ಕ ಇಡುವುದು ದೊಡ್ಡ ಸಾಲದ ಲೆಕ್ಕಕ್ಕಿಂತ ಕಷ್ಟ. ಒಂದು ಕೋಟಿ ಸಾಲ ಒಬ್ಬರಿಗೆ ಕೊಟ್ಟರೆ ವರ್ಷಕ್ಕೆ ಹನ್ನೆರಡು ನಮೂದು. ಅದೇ ಒಂದು ಕೋಟಿಯನ್ನು ಹತ್ತು ಸಾವಿರದಂತೆ ಸಾವಿರ ಜನಕ್ಕೆ ಕೊಟ್ಟು ಐವತ್ತು ವಾರ ವಸೂಲಿ ಮಾಡಿದರೆ ಐವತ್ತು ಸಾವಿರ ನಮೂದು. ಬ್ಯಾಂಕುಗಳು ಬಡವರಿಗೆ ಸಾಲ ಕೊಡದೆ ಇದ್ದದ್ದಕ್ಕೆ ಅಪನಂಬಿಕೆ ಒಂದೇ ಕಾರಣವಲ್ಲ, ಈ ಖರ್ಚೂ ಕಾರಣ.

2006ರಲ್ಲಿ ಅಮೆರಿಕದ ಗ್ರಾಮೀಣ ಫೌಂಡೇಶನ್ ಮೈಕ್ರೋಫೈನಾನ್ಸ್‌ಗಾಗಿಯೇ ‘ಮಿಫೋಸ್’ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಹೊರತಂತು. ಅದನ್ನು ಮೊದಲು ಬಳಕೆಗೆ ತಂದ ಸಂಸ್ಥೆಗಳಲ್ಲಿ ಗ್ರಾಮೀಣ ಕೂಟವೂ ಒಂದು. ಬ್ಯಾಂಕಿನ ತಂತ್ರಾಂಶಕ್ಕೆ ಗೊತ್ತಿರುವುದು ‘ಖಾತೆ’. ಮಿಫೋಸ್‌ಗೆ ‘ಗುಂಪು’, ‘ಕೇಂದ್ರ’, ‘ಸಭೆಯ ದಿನ’ ಕೂಡ ಗೊತ್ತಿದ್ದವು. ಕೇಂದ್ರದ ಸಭೆಗೆ ಹೋಗುವ ಸಿಬ್ಬಂದಿಗೆ ವಸೂಲಿ ಹಾಳೆ ಅದೇ ಕೊಡುತ್ತಿತ್ತು, ವಾಪಸ್ ಬಂದ ಮೇಲೆ ಅದೇ ಹಾಳೆಯಂತೆ ಲೆಕ್ಕ ತುಂಬಿಸಿಕೊಳ್ಳುತ್ತಿತ್ತು. ಜಗಲಿ ಮೇಲೆ ಕೂತು ನಡೆಸುವ ಸಭೆಯನ್ನು ಡೇಟಾಬೇಸ್‌ನೊಳಗೆ ತರುವ ಕೆಲಸ ಇದು.

ಗ್ರಾಮೀಣ ಕೂಟ ಮುಂದೆ ಬೇರೆ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ ಹೋಯಿತು. ಮಿಫೋಸ್ ಮಾತ್ರ ಬೆಳೆಯುತ್ತಾ ಹೋಯಿತು. ಅದರಿಂದ ಹುಟ್ಟಿದ ‘ಫಿನರಾಕ್ಟ್’ 2017ರಲ್ಲಿ ಅಪಾಚೆ ಫೌಂಡೇಶನ್ನಿನ ಪೂರ್ಣ ಪ್ರಮಾಣದ ಯೋಜನೆ ಆಯಿತು. ಇವತ್ತು ಎಷ್ಟೋ ದೇಶಗಳ ಹಣಕಾಸು ಸಂಸ್ಥೆಗಳು ಅದರ ಮೇಲೆ ತಮ್ಮ ಉತ್ಪನ್ನ ಕಟ್ಟಿಕೊಳ್ಳುತ್ತವೆ. ಆ ಕೋಡ್ ಮೊದಮೊದಲು ನಿಜವಾದ ಬಳಕೆಗೆ ಒಡ್ಡಿಕೊಂಡ ಜಾಗಗಳಲ್ಲಿ ಕರ್ನಾಟಕದ ಹಳ್ಳಿಯ ಹೆಂಗಸರ ಸಭೆಗಳೂ ಇದ್ದವು. ಬೆಂಗಳೂರಿನ ಸ್ಟಾರ್ಟಪ್ ಇತಿಹಾಸ ಬರೆಯುವವರು ಇದನ್ನು ಸೇರಿಸಿಕೊಳ್ಳಬೇಕು.

ಟ್ರಸ್ಟ್‌ನಿಂದ ಷೇರುಪೇಟೆಗೆ

ಟ್ರಸ್ಟ್ ಅಂದ್ರೆ ದಾನ ಪಡೆಯಬಹುದು, ಹೂಡಿಕೆ ಪಡೆಯೋಕೆ ಆಗಲ್ಲ. ಸಾಲ ಕೇಳುವವರು ಹೆಚ್ಚಾದಂತೆ ಕಂಪನಿ ಬೇಕಾಯಿತು. ಹೊಸ ಕಂಪನಿ ಮಾಡಿ ರಿಸರ್ವ್ ಬ್ಯಾಂಕ್ ಪರವಾನಗಿಗೆ ಕಾಯುವ ಬದಲು, ಪರವಾನಗಿ ಇದ್ದ ಕಂಪನಿಯೊಂದನ್ನು ಪಡೆದುಕೊಂಡರು. 1991ರಲ್ಲಿ ಕಲ್ಕತ್ತೆಯಲ್ಲಿ ‘ಸನ್ನಿ ಕಲೆಕ್ಷನ್ ಪ್ರೈವೇಟ್ ಲಿಮಿಟೆಡ್’ ಅಂತ ನೋಂದಣಿಯಾಗಿದ್ದ ಆ ಕಂಪನಿ 2008ರಲ್ಲಿ ‘ಗ್ರಾಮೀಣ ಫೈನಾನ್ಶಿಯಲ್ ಸರ್ವಿಸಸ್’ ಆಯಿತು. 2014ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್‌ನ ಕ್ರೆಡಿಟ್‌ಆಕ್ಸೆಸ್ ಬಹುಪಾಲು ಒಡೆತನ ಪಡೆಯಿತು. 2018ರಲ್ಲಿ ಹೆಸರು ‘ಕ್ರೆಡಿಟ್‌ಆಕ್ಸೆಸ್ ಗ್ರಾಮೀಣ್’ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಮಾರು ₹1,131 ಕೋಟಿಯ ಐಪಿಒ, ಷೇರಿಗೆ ₹422. 2020ರಲ್ಲಿ ಚೆನ್ನೈನ ಮಧುರಾ ಮೈಕ್ರೋ ಫೈನಾನ್ಸ್ ಕೂಡ ಇದರ ತೆಕ್ಕೆಗೆ ಬಂತು. 2024ರ ಮಾರ್ಚ್ ಅಂತ್ಯಕ್ಕೆ ಸುಮಾರು 49 ಲಕ್ಷ ಸಾಲಗಾರರು, ಸುಮಾರು ₹26,700 ಕೋಟಿ ಸಾಲ. ದೇಶದ ಅತಿ ದೊಡ್ಡ ಎನ್‌ಬಿಎಫ್‌ಸಿ-ಎಂಎಫ್‌ಐ ಅನ್ನುವ ಸ್ಥಾನ.

ಒಂದು ಹಳ್ಳಿಯ ಟ್ರಸ್ಟ್ ಯೋಜನೆ ಇಷ್ಟು ದೊಡ್ಡದಾಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಈ ಬೆಳವಣಿಗೆಯಲ್ಲಿ ಇನ್ನೊಂದು ಸಂಗತಿಯೂ ನಡೆದಿದೆ. ಹೆಂಗಸೊಬ್ಬಳು ಹೆಂಗಸರಿಗಾಗಿ ಶುರು ಮಾಡಿದ್ದರಲ್ಲಿ ಒಡೆತನ ಯೂರೋಪಿಗೆ ಹೋಯಿತು, ದಿನನಿತ್ಯದ ಆಡಳಿತ ವೃತ್ತಿಪರ ಪುರುಷ ಸಿಇಒಗಳ ಕೈಗೆ ಬಂತು. ಇದು ಈ ಕಂಪನಿಯೊಂದರ ಮಾತಲ್ಲ. ದೇಶದ ಮೈಕ್ರೋಫೈನಾನ್ಸ್ ಉದ್ದಿಮೆಯಲ್ಲಿ ಸಾಲಗಾರರು ಬಹುತೇಕ ಎಲ್ಲರೂ ಹೆಂಗಸರು, ಬೈಕ್ ಮೇಲೆ ಹೋಗಿ ಕಂತು ತರುವ ಸಿಬ್ಬಂದಿ ಬಹುಪಾಲು ಗಂಡಸರು. ಹಾಗಿರುವಾಗ ‘ಮಹಿಳಾ ನಾಯಕತ್ವ’ ಅನ್ನುವುದನ್ನು ಸ್ಥಾಪಕರ ಹೆಸರಿನಲ್ಲಿ ಹುಡುಕಬೇಕಾ, ಕೇಂದ್ರ ಸಭೆಗೆ ಬರುವವರಲ್ಲಿ ಹುಡುಕಬೇಕಾ?

ಸಾಫ್ಟ್‌ವೇರ್‌ಗೆ ಏನು ಗೊತ್ತಿರಲಿಲ್ಲ?

ಮೊದಲ ಕಾಲದ ತಂತ್ರಾಂಶಕ್ಕೆ ಕಂತು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಆಕೆ ಇನ್ನೂ ಮೂರು ಕಡೆ ಸಾಲ ಮಾಡಿದ್ದಾಳಾ, ಗಂಡನ ದುಡಿಮೆ ನಿಂತಿದೆಯಾ ಅನ್ನುವುದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಒಂದೇ ಬೀದಿಗೆ ನಾಲ್ಕು ಸಂಸ್ಥೆ ಬಂದರೆ ಪ್ರತಿಯೊಂದರ ಕಂಪ್ಯೂಟರಿನಲ್ಲೂ ಆಕೆ ಒಳ್ಳೆಯ ಗ್ರಾಹಕಿಯೇ. ಒಂದರ ಸಾಲ ತಗೊಂಡು ಇನ್ನೊಂದರ ಕಂತು ಕಟ್ಟುತ್ತಿರುವುದು ಯಾರಿಗೂ ಕಾಣಲ್ಲ.

ಇದರ ಫಲ ನಮ್ಮ ರಾಜ್ಯದಲ್ಲೂ ಕಂಡಿತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದ ರೇಷ್ಮೆ ಸೀಮೆಯಲ್ಲಿ ಸಾಲಗಾರರು ಒಟ್ಟಾಗಿ ಕಂತು ನಿಲ್ಲಿಸಿದರು, ಸ್ಥಳೀಯ ಅಂಜುಮನ್ ಸಮಿತಿಗಳು ಮರುಪಾವತಿ ಬೇಡ ಅಂದವು. ಮರುವರ್ಷ, 2010ರ ಅಕ್ಟೋಬರ್‌ನಲ್ಲಿ, ಆತ್ಮಹತ್ಯೆಗಳ ಸುದ್ದಿಯ ಬೆನ್ನಲ್ಲೇ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂತು. ಇಡೀ ಉದ್ದಿಮೆಗೆ ಬ್ಯಾಂಕುಗಳ ಹಣದ ಹರಿವು ಕಟ್ಟಿಹೋಯಿತು. ಮಾಲೇಗಾಂ ಸಮಿತಿ ಶಿಫಾರಸಿನ ಮೇಲೆ ರಿಸರ್ವ್ ಬ್ಯಾಂಕ್ 2011ರಲ್ಲಿ ಎನ್‌ಬಿಎಫ್‌ಸಿ-ಎಂಎಫ್‌ಐ ಅನ್ನುವ ಹೊಸ ವರ್ಗ ಮಾಡಿತು, ಬಡ್ಡಿಗೆ ಮಿತಿ ಹಾಕಿತು, ಒಬ್ಬ ಸಾಲಗಾರ್ತಿಗೆ ಎರಡಕ್ಕಿಂತ ಹೆಚ್ಚು ಎಂಎಫ್‌ಐಗಳು ಸಾಲ ಕೊಡಬಾರದು ಅಂದಿತು. ಕ್ರೆಡಿಟ್ ಬ್ಯೂರೋಗಳಿಗೆ ಈ ಸಣ್ಣ ಸಾಲಗಳ ಮಾಹಿತಿ ವ್ಯವಸ್ಥಿತವಾಗಿ ಹೋಗತೊಡಗಿದ್ದು ಆಮೇಲೆ.

2022ರಲ್ಲಿ ನಿಯಮ ಮತ್ತೆ ಬದಲಾಯಿತು. ಬಡ್ಡಿಯ ಮಿತಿ ಹೋಯಿತು, ದರ ನಿಗದಿ ಕಂಪನಿಯ ಮಂಡಳಿಯ ಕೆಲಸವಾಯಿತು. ಬದಲಿಗೆ ಬಂದದ್ದು ಕುಟುಂಬದ ಆದಾಯದ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ವಿಪರೀತ ಬಡ್ಡಿಯ ಕಾರಣಕ್ಕೆ ರಿಸರ್ವ್ ಬ್ಯಾಂಕ್ ನಾಲ್ಕು ಎನ್‌ಬಿಎಫ್‌ಸಿಗಳಿಗೆ ಹೊಸ ಸಾಲ ಕೊಡದಂತೆ ತಡೆ ಹಾಕಿತು. ಆ ಚಳಿಗಾಲದಲ್ಲೇ ಕರ್ನಾಟಕದ ಜಿಲ್ಲೆ ಜಿಲ್ಲೆಯಿಂದ ವಸೂಲಿ ಕಿರುಕುಳದ, ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬರತೊಡಗಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದ್ದ ಸುಗ್ರೀವಾಜ್ಞೆ 2025ರ ಫೆಬ್ರವರಿ 12ರಂದು ಜಾರಿಗೆ ಬಂತು, ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಒಪ್ಪಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಆದರೆ ಕಾಯ್ದೆಯ ಗುರಿ ಮುಖ್ಯವಾಗಿ ನೋಂದಣಿಯಿಲ್ಲದ ಸಾಲಗಾರ ಸಂಸ್ಥೆಗಳು. ರಿಸರ್ವ್ ಬ್ಯಾಂಕ್ ನೋಂದಣಿಯ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳೇ ಮುಖ್ಯ.

ಇದರ ಪೆಟ್ಟು ಎಲ್ಲರಿಗೂ ಬಿತ್ತು. ಕ್ರೆಡಿಟ್‌ಆಕ್ಸೆಸ್ ಗ್ರಾಮೀಣ್‌ನ ವಾರ್ಷಿಕ ಲಾಭ 2023-24ರ ಸುಮಾರು ₹1,446 ಕೋಟಿಯಿಂದ 2024-25ರಲ್ಲಿ ಸುಮಾರು ₹531 ಕೋಟಿಗೆ ಇಳಿಯಿತು.

ಹಾಗಾದರೆ ಸಾಲದಿಂದ ಸಬಲೀಕರಣ ಆಯ್ತಾ?

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಹೈದರಾಬಾದ್‌ನ ಬಡಾವಣೆಗಳಲ್ಲಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಎಲ್ಲರೂ ನೋಡಬೇಕಾದದ್ದು. ಸಾಲ ಸಿಕ್ಕ ಕಡೆ ಈಗಾಗಲೇ ಇದ್ದ ಸಣ್ಣ ವ್ಯಾಪಾರಗಳಲ್ಲಿ ಹೂಡಿಕೆ ಹೆಚ್ಚಿತು, ಮನೆಗೆ ಬೇಕಾದ ಬಾಳಿಕೆ ವಸ್ತುಗಳ ಖರೀದಿ ಹೆಚ್ಚಿತು. ಆದರೆ ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗಿರುವ ತೂಕ, ಇವುಗಳಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಸಾಲ ಒಂದು ಸಲಕರಣೆ. ಮೀಟರ್ ಬಡ್ಡಿಯವನ ಕೈಯಿಂದ ಬಿಡಿಸುತ್ತೆ, ಅಷ್ಟಕ್ಕೇ ಅದು ದೊಡ್ಡದು. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟಿದ್ದು ನಾವು.

ನಿಮ್ಮ ಮನೆಯಲ್ಲಿ ಗುಂಪು ಸಾಲ ಇದ್ದರೆ ಗೊತ್ತಿರಬೇಕಾದದ್ದು

ಅಮ್ಮನೋ ಚಿಕ್ಕಮ್ಮನೋ ಕಂತು ಕಟ್ಟುತ್ತಿದ್ದರೆ ಅವರ ಕಾರ್ಡ್ ಒಮ್ಮೆ ಕೈಗೆ ತಗೊಂಡು ನೋಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುವುದು ಇಷ್ಟು:

- ವರ್ಷದ ಆದಾಯ ₹3 ಲಕ್ಷದೊಳಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ.
- ಎಲ್ಲ ಸಾಲಗಳ ಕಂತೂ ಸೇರಿ ಕುಟುಂಬದ ತಿಂಗಳ ಆದಾಯದ ಶೇ. 50 ಮೀರಬಾರದು. ಮನೆಗೆ ತಿಂಗಳಿಗೆ ₹25,000 ಬಂದರೆ ಕಂತು ₹12,500ರ ಒಳಗಿರಬೇಕು.
- ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ಕಾಟ ಕೊಡುವುದು ನಿಷಿದ್ಧ.
- ಬಡ್ಡಿ, ಶುಲ್ಕ ಎಲ್ಲ ಬರೆದ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ.
- ಮೊದಲು ದೂರು ಕಂಪನಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ. ವಿಚಾರಿಸೋಕೆ ಸಹಾಯವಾಣಿ 14448.

ಇದರ ಜೊತೆಗೆ ಉದ್ದಿಮೆಯ ಸ್ವಯಂ ನಿಯಂತ್ರಣ ಸಂಸ್ಥೆ ಎಂಫಿನ್ ತನ್ನ ಸದಸ್ಯರಿಗೆ 2025ರ ಏಪ್ರಿಲ್‌ನಿಂದ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು ಅಂತ ಹೇಳಿದೆ.

ಬಡ್ಡಿ ಲೆಕ್ಕದಲ್ಲೂ ಒಂದು ಎಚ್ಚರ. ₹50,000 ಸಾಲ, ಒಂದು ವರ್ಷ, ಶೇ. 24 ಬಡ್ಡಿ ಅಂತಿಟ್ಟುಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು ₹4,728, ವರ್ಷಕ್ಕೆ ಬಡ್ಡಿ ಸುಮಾರು ₹6,736. ಪೂರ್ತಿ ಐವತ್ತು ಸಾವಿರದ ಮೇಲೇ ವರ್ಷವಿಡೀ ಹಾಕಿದರೆ ಕಂತು ಸುಮಾರು ₹5,167, ಬಡ್ಡಿ ₹12,000. ಹೇಳುವ ದರ ಒಂದೇ, ಕಟ್ಟುವ ಬಡ್ಡಿ ಹತ್ತಿರಹತ್ತಿರ ದುಪ್ಪಟ್ಟು.

ಬಳ್ಳಾರಿಗೆ ಇದರಿಂದ ಏನು?

ಬ್ರೂಸ್‌ಪೇಟೆಯ ಅಂಗಡಿಯಲ್ಲಿ ದಿನಕ್ಕೊಮ್ಮೆ ದುಡ್ಡು ಓಡಾಡುತ್ತೆ, ವಾರದ ಕಂತು ಹೇಗೋ ನಡೆಯುತ್ತೆ. ಸಿರುಗುಪ್ಪದ ಭತ್ತದ ಕೂಲಿಗೆ, ಕುರುಗೋಡಿನ ಮೆಣಸಿನಕಾಯಿ ಬಿಡಿಸುವವರಿಗೆ ದುಡ್ಡು ಬರುವುದು ಹಂಗಾಮಿನಲ್ಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನೀರು ನಂಬಿದ ಊರುಗಳೆಲ್ಲ ಉಸಿರು ಬಿಗಿಹಿಡಿದು ಕೂತಿದ್ದವು. ಆ ವಾರವೂ ಕಂತಿನ ದಿನ ಕಂತಿನ ದಿನವೇ. ವಾರ ಅಥವಾ ತಿಂಗಳು ಅನ್ನುವ ಲೆಕ್ಕ ಬಾಂಗ್ಲಾದಿಂದ ಅವಲಹಳ್ಳಿಗೆ, ಅಲ್ಲಿಂದ ಕೋಡ್‌ಗೆ, ಕೋಡ್‌ನಿಂದ ರಾಜ್ಯದ ಊರೂರಿಗೆ ಹೋಗಿ ಕೂತಿದೆ. ಬೆಳೆಯ ಕ್ಯಾಲೆಂಡರ್ ಅದರೊಳಗೆ ಇಳಿದಿಲ್ಲ.

ಇಳಿಸಬಾರದು ಅಂತೇನೂ ಇಲ್ಲ. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿ ಹೊಂದಿಸುವ ನೀತಿ ಪ್ರತಿ ಸಂಸ್ಥೆಯ ಮಂಡಳಿಯಲ್ಲೂ ಇರಬೇಕು ಅಂತ ಅದೇ 2022ರ ನಿಯಮ ಹೇಳುತ್ತೆ. ಈ ಕೆಲಸವನ್ನು ಮಾಡಿ ತೋರಿಸಬಹುದಾದ ಸಂಸ್ಥೆಯೂ ಇಲ್ಲೇ ಇದೆ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆಗಿ ಶುರುವಾದದ್ದು ಹಲವು ವಿಲೀನ ದಾಟಿ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಪ್ರಧಾನ ಕಚೇರಿ ಬಳ್ಳಾರಿ. ಠೇವಣಿ ಪಡೆಯುವ ಹಕ್ಕಿರುವುದರಿಂದ ಅದರ ಕೈಗೆ ಬರುವ ದುಡ್ಡು ಎಂಎಫ್‌ಐಗಳು ಸಾಲ ತಂದು ಸಾಲ ಕೊಡುವ ದುಡ್ಡಿಗಿಂತ ಅಗ್ಗ.

ವಿನತಾ ರೆಡ್ಡಿಯವರ ಹೆಚ್ಚುಗಾರಿಕೆ ನನಗೆ ಕಾಣುವುದು ಕಂಪನಿಯ ಗಾತ್ರದಲ್ಲಿ ಅಲ್ಲ. ಬ್ಯಾಂಕಿನ ಫಾರ್ಮಿನಲ್ಲಿ ಜಾಗವೇ ಇಲ್ಲದ ಹೆಂಗಸಿಗೆ ತಕ್ಕಂತೆ ಫಾರ್ಮ್ ಬದಲಿಸಬಹುದು ಅಂತ ಅವರು 1999ರಲ್ಲಿ ಮಾಡಿ ತೋರಿಸಿದರು. ಈಗ ಅದೇ ಫಾರ್ಮ್ ಇನ್ನೊಮ್ಮೆ ಬದಲಾಗಬೇಕಿದೆ. ಮುಂದಿನ ಸಲ ಫಿನ್‌ಟೆಕ್ ಕಂಪನಿಯೊಂದಕ್ಕೆ ಮಹಿಳೆ ಸಿಇಒ ಆದರು ಅಂತ ಸುದ್ದಿ ಬಂದಾಗ ಸಂತೋಷ ಪಡೋಣ. ಜೊತೆಗೆ ಇದನ್ನೂ ಕೇಳೋಣ: ಭತ್ತ ಕೊಯ್ಲಿಗೆ ಇನ್ನೂ ಒಂದು ತಿಂಗಳಿದೆ ಅಂತ ಸಿರುಗುಪ್ಪದ ಹೆಂಗಸು ಹೇಳಿದರೆ, ನಿಮ್ಮ ಆ್ಯಪ್‌ನಲ್ಲಿ ಅದನ್ನು ಬರೆದುಕೊಳ್ಳೋಕೆ ಒಂದು ಕಾಲಂ ಇದೆಯಾ?